ಹೆಂಟೆ ಹೊತ್ತವನ ಮಾತು

ಪುಸ್ತಕದಲ್ಲಿ ಆ ತೆಲುಗು ಕರಾವಳಿ ಸೀಮೆಯ ಪಾಠ ಒಂದು ಪುಟಕ್ಕಿಂತ ಹೆಚ್ಚಿಲ್ಲ. ಎರಡು ದೊಡ್ಡ ನದಿಗಳು ಅಲ್ಲಿ ಸಮುದ್ರ ಸೇರುತ್ತವೆ. ನೆಲ ಸಮತಟ್ಟು, ಮಣ್ಣು ಮೆಕ್ಕಲು. ಇಂಗ್ಲಿಷರು ಅಡ್ಡಗಟ್ಟೆ ಕಟ್ಟಿ ಕಾಲುವೆ ತೆಗೆದರು. ಮುಖ್ಯ ಬೆಳೆ ಭತ್ತ. ಕಬ್ಬು, ಹೊಗೆಸೊಪ್ಪು, ತೆಂಗು ಕೂಡ ಉಂಟು. ಬಂದರುಗಳಿಂದ ವ್ಯಾಪಾರ ನಡೆಯುತ್ತದೆ. ಜನರು ಶ್ರಮಜೀವಿಗಳು.

ಇಷ್ಟೇ. ರಾತ್ರಿ ಸಾಲೆಯ ಮಾಸ್ತರರು ಅದನ್ನು ನನ್ನ ಕೈಲಿ ಓದಿಸಿದರು. ತಲೆ ನೆರೆತ ಮೇಲೆ ಅಕ್ಷರ ಕಲಿತವಳು, ಬೆರಳಿಟ್ಟು ಓದುತ್ತೇನೆ. 'ಜನರು ಶ್ರಮಜೀವಿಗಳು' ಅನ್ನುವಲ್ಲಿ ಬೆರಳು ನಿಂತಿತು. ಯಾವ ಜನರು ಅಂತ ಬರೆದಿಲ್ಲ. ಆ ಸೀಮೆಯ ಪಾಠವನ್ನು ನಾನು ಎಷ್ಟೋ ವರ್ಷ ಮೊದಲೇ ಕೇಳಿದ್ದೆ. ಎರಡು ಬಾಯಿಂದ ಕೇಳಿದ್ದೆ. ಒಂದು ಬಾಯಿ ಕಟ್ಟೆಯ ಮೇಲೆ ಕೂತಿತ್ತು. ಇನ್ನೊಂದು ಮೊಳಕಾಲ ಮಟ ಕೆಸರಿನಲ್ಲಿ ನಿಂತಿತ್ತು. ಆ ಎರಡನೆಯದನ್ನು ಕೇಳದೆ ಇದ್ದಿದ್ದರೆ ಇವತ್ತು ನಮ್ಮ ಕೇರಿಗೆ ಕಾಲೂರಲು ಒಂದು ಹೊಲ ಇರುತ್ತಿರಲಿಲ್ಲ.

ನಮ್ಮೂರು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯ ಬದಿಗೆ. ಎರೆ ನೆಲ. ಆಗ ಜೋಳ, ಹತ್ತಿ, ಕುಸುಬಿ. ನಮ್ಮ ಹೊಲಗೇರಿ ಊರ ಹೊರಗೆ, ನಮ್ಮ ಮೇಲೆ ಬೀಸಿದ ಗಾಳಿ ಊರಿಗೆ ಹೋಗದ ದಿಕ್ಕಿನಲ್ಲಿ. ನಾನು ಹುಲಿಗೆವ್ವ, ಗುರುಗುಂಟಾದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಅಂಬಪ್ಪ. ಮಾವ ತಾಯಪ್ಪ. ಮಾವನದು ಊರ ಚಾಕರಿ.

ಚಾಕರಿ ಅಂದರೆ ಏನು ಅಂತ ಈಗಿನ ಹುಡುಗಿಯರು ಕೇಳುತ್ತಾರೆ. ಸಾಹೇಬರು ಊರಿಗೆ ಬಂದರೆ ಅವರ ಹಾಸಿಗೆ, ಪೆಟ್ಟಿಗೆ ತಲೆಯ ಮೇಲೆ ಹೊತ್ತು ಲಿಂಗಸೂಗೂರಿನ ದಾರಿ ಹಿಡಿಯುವುದು. ಕುದುರೆಗೆ ಹುಲ್ಲು ತರುವುದು. ಸತ್ತ ದನ ಎಳೆಯುವುದು. ಸಾವಿನ ಸುದ್ದಿ ಹತ್ತೂರಿಗೆ ಮುಟ್ಟಿಸುವುದು, ಮುಟ್ಟಿಸಿ ಅಂಗಳದ ಹೊರಗೆ ನಿಲ್ಲುವುದು. ಊರ ಗೌಡ ಮಾಲಿಪಾಟೀಲನ ವಾಡೆಯ ಮುಂದೆ ಕಸ ಹೊಡೆಯುವುದು ಹೆಂಗಸರ ಪಾಲಿಗೆ. ಅಂದರೆ ನನ್ನ ಪಾಲಿಗೆ. ಬಗ್ಗಿದ ಸೊಂಟ ವಾಡೆಯ ನೆರಳು ದಾಟುವವರೆಗೆ ನೆಟ್ಟಗೆ ಮಾಡುವಂತಿಲ್ಲ. ನೆಟ್ಟಗೆ ಮಾಡಿದರೆ, 'ಏನಬೇ, ಎದಿ ತೋರಸ್ತಿಯೇನು' ಅನ್ನುತ್ತಿದ್ದರು.

ಇಷ್ಟೆಲ್ಲದಕ್ಕೆ ಬದಲಿಗೆ ನಮಗೆ ಒಂದು ಹೊಲ. ಚಾಕರಿ ಹೊಲ ಅಂತಲೇ ಅದರ ಹೆಸರು. ಮಾವನ ಅಜ್ಜನ ಕಾಲದಿಂದ ನಾವೇ ಬಿತ್ತಿದ್ದು, ನಾವೇ ಕೊಯ್ದದ್ದು. ವಾಡೆಯ ಹೊಲಗಳ ನಡುವೆ ಅದೊಂದು ಚೂರು. ಕೇರಿಯವರೆಲ್ಲ ಅದರ ಜೋಳವನ್ನೇ ನಂಬಿದ್ದರು.

ನಲವತ್ತೆಂಟರಲ್ಲಿ ಪೋಲೀಸ್ ಆಕ್ಷನ್ ಆಯಿತು. ನಿಜಾಮ ಹೋದ, ಸ್ವರಾಜ್ಯ ಬಂತು ಅಂದರು. ಮಾಲಿಪಾಟೀಲ ಬಸವಂತರಾಯ ರುಮಾಲು ತೆಗೆದು ಬಿಳಿ ಟೋಪಿ ಇಟ್ಟ. ನಾನು ಕಸ ಹೊಡೆಯುವ ಅಂಗಳ ಅದೇ, ಬಾರಿಗೆಯೂ ಅದೇ.

ಮಾವನಿಗೆ ಒಂದೇ ಒಂದು ಮರ್ಯಾದೆ ಇತ್ತು. ಎರಡು ಊರ ನಡುವೆ, ಎರಡು ಹೊಲದ ನಡುವೆ ಗಡಿಯ ತಂಟೆ ಬಂದರೆ ಮಾವನನ್ನು ಕರೆಯುತ್ತಿದ್ದರು. ಅವನು ತಣ್ಣೀರು ಹೊಯ್ದುಕೊಂಡು, ಒದ್ದೆ ಧೋತರದಲ್ಲಿ, ಆ ನೆಲದ್ದೇ ಒಂದು ಹೆಂಟೆಯನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ದೊಡ್ಡ ಮಣ್ಣಿನ ಹೆಂಟೆ, ಕೊಡದಷ್ಟು ದಪ್ಪ. ಇಟ್ಟುಕೊಂಡು, ಎಲ್ಲರೂ ಕೇಳುವ ಹಾಗೆ ಒಂದು ಮಾತು ಹೇಳಬೇಕು: 'ಈ ಮಣ್ಣಾಗ ನನಗ ಪಾಲಿಲ್ಲ, ನನ್ನ ಮಕ್ಕಳಿಗೆ ಪಾಲಿಲ್ಲ.' ಪಾಲಿದ್ದವನು ಹೆಂಟೆ ಹೊರಬಾರದು, ಹೊತ್ತರೆ ಅವನ ನಡಿಗೆ ತನ್ನ ಕಡೆಗೆ ವಾಲುತ್ತದೆ ಅನ್ನುವುದು ಕಟ್ಟಳೆ. ಆಮೇಲೆ ಅವನು ನಡೆದದ್ದೇ ಗಡಿ. ಅವನು ನಡೆಯುವಾಗ ಯಾರೂ ಮಾತಾಡುವಂತಿಲ್ಲ, ಅವನ ಮುಂದೆ ಹೋಗುವಂತಿಲ್ಲ. ಗೌಡನೂ ಹಿಂದೆ ನಡೆಯಬೇಕು. ವರ್ಷವಿಡೀ ನಮ್ಮ ನೆರಳಿಗೆ ಹೇಸುವವರು ಆ ಒಂದು ಹೊತ್ತು ನಮ್ಮವನ ಬೆನ್ನು ನೋಡಿಕೊಂಡು ನಡೆಯಬೇಕು.

ಮಾವ ಅದನ್ನು ಹೇಳುವಾಗ ಅವನ ಮುಖ ಬೇರೆ ಆಗುತ್ತಿತ್ತು. 'ಪಾಮನಕಲ್ಲೂರಿನ ತಂಟ್ಯಾಗ ನನ್ನ ಹಿಂದ ಎರಡು ಊರ ಗೌಡ್ರು ನಡದಾರ' ಅನ್ನುತ್ತಿದ್ದ. ನಾನು ಕೇಳಿ ಕೇಳಿ ಬೇಸತ್ತಿದ್ದೆ.

ತುಂಗಭದ್ರೆಗೆ ಅಣೆಕಟ್ಟು ಆಯಿತು. ಕಾಲುವೆ ಅಗೆಯಲು ಜನ ಬೇಕಾಗಿ ನಾನೂ ಅಂಬಪ್ಪನೂ ಬುಟ್ಟಿ ಹೊತ್ತೆವು. ತಲೆಯ ನಡುವಿನ ಕೂದಲು ಉದುರಿ ಅಲ್ಲಿ ಇವತ್ತಿಗೂ ಬೆಳೆದಿಲ್ಲ. ಕಾಲುವೆ ನಮ್ಮ ಕಡೆಗೆ ಬರುವ ಮೊದಲೇ ಕರಾವಳಿಯವರು ಬಂದರು.

ಅವರಲ್ಲಿ ಕೋಟಯ್ಯ ಅನ್ನುವವನನ್ನು ನಮ್ಮೂರಿಗೆ ಕರೆತಂದದ್ದು ಪೀರ್‌ಸಾಬನ ಬಂಡಿ. ಪೀರ್‌ಸಾಬ ನಮ್ಮೂರವನೇ. ನಲವತ್ತೆಂಟರ ಗದ್ದಲದಲ್ಲಿ ಮನೆ ಸುಟ್ಟುಕೊಂಡವನು. ಆಮೇಲೆ ಬಂಡಿ ಹೊಡೆದು, ಸಿಂಧನೂರಿನ ಬಸ್ಸಿನಿಂದ ಇಳಿದವರನ್ನು ಹಳ್ಳಿಗಳಿಗೆ ಮುಟ್ಟಿಸುತ್ತಿದ್ದ. ಕನ್ನಡ, ಉರ್ದು, ತೆಲುಗು ಮೂರೂ ಬರುತ್ತಿದ್ದವು. ಹೊಸಬರ ಮಾತನ್ನು ಊರವರಿಗೆ, ಊರವರ ಮಾತನ್ನು ಹೊಸಬರಿಗೆ ದಾಟಿಸುತ್ತಿದ್ದ.

ಕೋಟಯ್ಯ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಬಂದವನೇ ಬೇವಿನ ಕಟ್ಟೆಯ ಮೇಲೆ ಕೂತ. ಅವನಿಗೆ ಹಾಲು ಬಂತು. ನಾವು ಬಿಸಿಲಲ್ಲಿ ದೂರ ನಿಂತೆವು. ಊರವರು ಅವನ ಸೀಮೆಯ ಬಗ್ಗೆ ಕೇಳಿದರು. ಅವನು ಹೇಳುತ್ತ ಹೋದ, ಪೀರ್‌ಸಾಬ ದಾಟಿಸುತ್ತ ಹೋದ.

'ನಿಮ್ಮ ಕೃಷ್ಣೆ, ನಿಮ್ಮ ತುಂಗಭದ್ರೆ ಎರಡೂ ಕೂಡಿ ಬರೂದು ಇವರ ಊರಿಗೇ ಅಂತ. ಅಲ್ಲಿ ಸಮುದ್ರ. ಎಷ್ಟು ನೋಡಿದ್ರೂ ಆ ದಂಡಿ ಕಾಣೂದಿಲ್ಲಂತ. ಇವರ ಮುತ್ತಜ್ಜನ ಕಾಲಕ್ಕ ಅಲ್ಲೂ ಬರ ಬಿದ್ದು ಮಂದಿ ಸತ್ತಿತ್ತಂತ. ಆಮ್ಯಾಲ ಇಂಗ್ಲಿಷರು ಹೊಳಿಗೆ ಅಡ್ಡಗಟ್ಟಿ ಕಟ್ಟಿದ್ರು. ಕಾಲುವಿ ತುಂಬ ನೀರು. ಕಾಲುವಿಯಾಗ ನೆಲ್ಲು ತುಂಬಿದ ನಾವಿ ಹೋಗ್ತಾವಂತ, ಬಂಡಿ ಬ್ಯಾಡ.'

'ಹಂಗಾರ ನಿನ್ನ ಬಂಡಿ ಅಲ್ಲಿ ನಡಿಯೂದಿಲ್ಲ ಬಿಡೋ ಪೀರ್ಯಾ' ಅಂತ ಯಾರೋ ಅಂದರು. ಎಲ್ಲರೂ ನಕ್ಕರು.

'ಅದಕ್ಕ ನಾ ಇಲ್ಲೇ ಅದೀನ್ರಿ' ಅಂದ ಪೀರ್‌ಸಾಬ. ಅವನು ನಗಲಿಲ್ಲ.

ಕೋಟಯ್ಯ ಬಂದರಿನ ಮಾತು ಹೇಳಿದ. ಹಿಂದೆ ಅಲ್ಲಿಂದ ಬಣ್ಣದ ಅರಿವೆ ಹಡಗಿನಲ್ಲಿ ಹೋಗುತ್ತಿತ್ತಂತೆ. ಹೊಗೆಸೊಪ್ಪು, ಕಬ್ಬು. ಮೊನ್ನೆ ಮೊನ್ನೆ ಮದ್ರಾಸಿನಿಂದ ಬೇರೆಯಾಗಿ ಅವರದೇ ರಾಜ್ಯ ಆಯಿತಂತೆ. ಆದರೆ ಅಣ್ಣತಮ್ಮಂದಿರು ಹಂಚಿಕೊಂಡು ಹಂಚಿಕೊಂಡು ಹೊಲ ಅಂಗೈಯಷ್ಟು ಆಗಿದೆ. ಅಲ್ಲಿ ಒಂದು ತುಂಡು ಮಾರಿದರೆ ಇಲ್ಲಿ ಕಣ್ಣು ಹರಿಯುವಷ್ಟು ಸಿಗುತ್ತದೆ. ಅದಕ್ಕೇ ಬಂದೆವು.

ಮಾವ ನನ್ನ ಪಕ್ಕದಲ್ಲಿ ನಿಂತಿದ್ದ. ಮೆಲ್ಲಗೆ ಅಂದ, 'ಹರದು ಹೋದ ನೀರಿನ ಬೆನ್ನಹತ್ತಿ ಬಂದಾರ.'

ನನಗೆ ಅವನ ಮಾತಿಗಿಂತ ಅವನ ಕೈ ಕಂಡಿತು. ಊರವರು ಅವನಿಗೆ ಹೊಲ ತೋರಿಸಲು ಹೋದಾಗ ಕೋಟಯ್ಯ ಬಗ್ಗಿ ಮಣ್ಣು ತೆಗೆದುಕೊಂಡ. ಉಗುಳು ಹಚ್ಚಿ ತಿಕ್ಕಿದ. ಮೂಸಿದ. ದನದ ಸಂತೆಯಲ್ಲಿ ಹಲ್ಲು ಬಿಡಿಸಿ ನೋಡುವವರ ಹಾಗೆ. ನಮ್ಮ ಚಾಕರಿ ಹೊಲದ ಬದುವಿನ ಮೇಲೂ ಹಾಗೇ ಮಾಡಿದ.

'ಇದು ಯಾರದಂತ ಕೇಳ್ತಾರ' ಅಂದ ಪೀರ್‌ಸಾಬ.

'ನಂದ' ಅಂದ ಬಸವಂತರಾಯ.

ಮಾವ ಅಲ್ಲೇ ಇದ್ದ. ಧಣಿಯ ಮಾತಿಗೆ ಎದುರು ಮಾತು ಹೊರಡಿಸುವ ರೂಢಿ ಅವನ ಗಂಟಲಿಗೆ ಇರಲಿಲ್ಲ. ನಾನು ಪೀರ್‌ಸಾಬನ ಕಡೆ ನೋಡಿದೆ. ಅವನು ಎತ್ತಿನ ಕಡೆ ನೋಡಿದ.

ಕೋಟಯ್ಯ ಮೊದಲು ವಾಡೆಯವರ ಬೇರೆ ಹೊಲ ಕೊಂಡ. ಅಲ್ಲಿ ಗುಡಿಸಲು ಹಾಕಿ ಕ್ಯಾಂಪು ಅಂದ. ನೆಲ ಮಟ್ಟ ಮಾಡಲು ನಮ್ಮನ್ನೇ ಕರೆದ. ವಾಡೆಯಲ್ಲಿ ಕೊಡುವುದಕ್ಕಿಂತ ಹೆಚ್ಚು ಕೂಲಿ, ಅದೂ ಸಂಜೆಗೇ ಕೈಗೆ. ಕೂಗುವಾಗ 'ಅಮ್ಮಾ' ಅನ್ನುತ್ತಿದ್ದ. ಕೇರಿಯ ಹೆಂಗಸರು ಹಿಗ್ಗಿದರು. ನಾನು ಹಿಗ್ಗಲಿಲ್ಲ. ಬೈಯದೆ ಕೆಲಸ ಮಾಡಿಸುವವನು ಬೈಗುಳವನ್ನು ಎಲ್ಲಿ ಇಟ್ಟುಕೊಂಡಿದ್ದಾನೆ ಅಂತ ಹುಡುಕುತ್ತಿದ್ದೆ.

ಕಾಲುವೆಯ ನೀರು ಬಂದ ಮೊದಲ ಹಂಗಾಮು, ನಾಟಿ ಹಚ್ಚಲು ನಮಗೆ ಗೊತ್ತಿರಲಿಲ್ಲ. ನಾವು ಒಣ ಮಣ್ಣಿನ ಮಂದಿ. ಕೋಟಯ್ಯ ತನ್ನ ಊರಿನಿಂದ ಕೂಲಿಯವರನ್ನು ತಂದಿದ್ದ. ಅವರಲ್ಲಿ ಏಸಮ್ಮ ಒಬ್ಬಳು. ಕಪ್ಪಗೆ, ಎತ್ತರ, ಕೊರಳಲ್ಲಿ ಕರಿದಾರಕ್ಕೆ ತಗಡಿನ ಸಿಲುಬೆ. ಅವರ ಸೀಮೆಯ ಹೊಲಗೇರಿಯವಳು. ನನಗೆ ತೆಲುಗು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಅವಳು ನನ್ನನ್ನು ಮೊದಲ ದಿನದಿಂದಲೇ ವದಿನಾ ಅಂದಳು, ಅತ್ತಿಗೆ ಅಂತ. ಅವಳನ್ನೂ ನಾನು ನಂಬಲಿಲ್ಲ. ಧಣಿಯ ಜೊತೆ ಅಷ್ಟು ದೂರ ಬಂದವಳು ಧಣಿಯವಳೇ ಇರಬೇಕು ಅಂದುಕೊಂಡೆ.

ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಊರಬೇಕು. ಮುಂದೆ ಹೆಜ್ಜೆಯಿಟ್ಟರೆ ಹಚ್ಚಿದ್ದನ್ನು ತುಳಿಯುತ್ತೇವೆ. ಬೆರಳಿನ ಸಂದಿಯ ತೊಗಲು ಬಿಳಿಚಿ ಬಿರಿಯಿತು. ಜಿಗಣೆ ಹತ್ತಿದರೆ ನಾನು ಕಿರುಚುತ್ತಿದ್ದೆ. ಏಸಮ್ಮ ಉಪ್ಪು ಸವರಿ ಕೀಳುತ್ತಿದ್ದಳು.

'ಸಮುದ್ರದ ಉಪ್ಪು' ಅಂದಳು ಒಮ್ಮೆ. 'ಉಪ್ಪಿನ ಮಡ್ಯಾಗ ನನ್ನ ತಮ್ಮ ಕೆಲಸ ಮಾಡ್ತಾನ. ಅವನ ಪಾದ ನೋಡಬೇಕು ನೀನು. ಸತ್ತ ಮೀನಿನ ಹೊಟ್ಟಿ ಇದ್ದಂಗ.'

'ನಿಮ್ಮ ಧಣಿ ಬಾಳ ಛಂದ ಹೇಳ್ತಾನ ನಿಮ್ಮ ಸೀಮಿ ಬಗ್ಗೆ' ಅಂದೆ ನಾನು, ಏನು ಅನ್ನುತ್ತಾಳೆ ನೋಡೋಣ ಅಂತ.

'ಸುಳ್ಳೇನು ಹೇಳೂದಿಲ್ಲ. ನೀರೈತಿ, ನೆಲ್ಲೈತಿ. ಅವನು ದಿಬ್ಬದ ಮ್ಯಾಲಿಂದ ನೋಡ್ಯಾನ, ನಾ ತಗ್ಗಿನಿಂದ ನೋಡೀನಿ, ಅಷ್ಟ. ಸಮುದ್ರ ಎದ್ದು ಬಂತು ನಾ ಸಣ್ಣಾಕಿ ಇದ್ದಾಗ. ನಮ್ಮ ಧಣಿ ದೊರೆಗಳ ಮನಿ ದಿಬ್ಬದಾಗ ಇತ್ತು, ಉಳೀತು. ನಮ್ಮ ಗುಡಿಸಲು ತಗ್ಗಿನ್ಯಾಗ. ನಮ್ಮವ್ವ ತಾಳಿ ಮರಕ್ಕ ನನ್ನನ್ನ ತನ್ನ ಸೀರಿಯಿಂದ ಕಟ್ಟಿದ್ದಳು. ಬೆಳಗಾದಾಗ ನಾ ಇದ್ದೆ, ಅವ್ವ ಇರಲಿಲ್ಲ.'

ಅವಳ ಕೈ ನಿಲ್ಲಲಿಲ್ಲ. ಸಸಿ ಊರುತ್ತಲೇ ಹೇಳಿದಳು.

'ನಿಮಗ ಹೊಲ ಇರಲಿಲ್ಲೇನು?'

'ಇತ್ತು. ಕೃಷ್ಣಮ್ಮ ಹೊಳಿ ನಡುವ ಮಣ್ಣು ತಂದು ಹಾಕ್ತಾಳ, ನಡುಗಡ್ಡಿ ಏಳ್ತಾವ. ಅಂಥಾದೊಂದನ್ನ ನಮ್ಮ ತಾತ ಹಸನು ಮಾಡಿದ್ದ. ಮುಳ್ಳು, ಹಾವು. ಬೆಳಿ ಬಂದ ಮ್ಯಾಲ ದೊರೆ ಅಮಲ್ದಾರನ್ನ ಕರಕೊಂಡು ಬಂದು, ಇದು ಯಾರದು ಅಂತ ಕೇಳಿದ. ದೊಡ್ಡವರ ಮುಂದ ನಾವು ಹೆಂಗ ಮಾತಾಡ್ತೀವಿ ಹೇಳು. ತಾತ ಕೈ ಮುಗದು, ನಮ್ಮದೇನೈತಯ್ಯಾ, ಎಲ್ಲಾ ನಿಮ್ದ ಅಂದ. ಅದು ಮರ್ಯಾದಿ ಮಾತು. ಅಮಲ್ದಾರ ಅದನ್ನ ನಿಜ ಮಾಡಿದ. ನೀರಿಂದ ಹೋಗಲಿಲ್ಲ ವದಿನಾ, ಬಾಯಿಂದ ಹೋತು.'

ನಾನು ಸೊಂಟ ನೆಟ್ಟಗೆ ಮಾಡಿ ನಿಂತೆ. ಮೇಸ್ತ್ರಿ ಬದುವಿನ ಮೇಲಿಂದ ಕೂಗಿದ. ಮತ್ತೆ ಬಗ್ಗಿದೆ. ಆದರೆ ಆವತ್ತು ನಾನು ಹಚ್ಚಿದ ಸಾಲು ಎಲ್ಲಾ ಸೊಟ್ಟ.

ಯಾಕೆಂದರೆ ಆ ವಾರವೇ ವಾಡೆಯಿಂದ ಮಾವನಿಗೆ ಕರೆ ಬಂದಿತ್ತು. ಕಾಲುವೆಯ ಕವಲು ಚಾಕರಿ ಹೊಲದ ಮಗ್ಗುಲಿಗೇ ಬರುತ್ತದೆ ಅಂತ ಸರಕಾರದವರು ಗುರುತು ಹಾಕಿ ಹೋಗಿದ್ದರು. ಅಲ್ಲಿನ ಹೊಲದ ಪಟ್ಟಿಯನ್ನೆಲ್ಲ ಕೊಳ್ಳಲು ಕೋಟಯ್ಯ ಒಪ್ಪಿದ್ದ. ಒಪ್ಪುವ ಮೊದಲು ಒಂದು ಮಾತು ಕೇಳಿದ್ದ: ನಾಳೆ ಯಾರೂ ತಂಟೆ ತೆಗೆಯಬಾರದು, ಊರಿನ ನಡಾವಳಿ ಪ್ರಕಾರ, ಹೊಲದ ಲೆಕ್ಕ ಬರೆಯುವ ಪಟವಾರಿಯ ಮುಂದೆ, ಹಿರಿಯರ ಮುಂದೆ ಗಡಿ ತೋರಿಸಿ. ಬಸವಂತರಾಯ ಅಂದನಂತೆ, 'ನಮ್ಮ ತಾಯ್ಯಾ ಹೆಂಟಿ ಹೊತ್ತು ನಡೀತಾನ. ಆಮ್ಯಾಲ ಯಾವನೂ ಬಾಯಿ ತೆರಿಯೂದಿಲ್ಲ.' ಎಲ್ಲಿಂದ ಎಲ್ಲಿಗೆ ನಡೆಯಬೇಕು ಅನ್ನುವುದನ್ನೂ ಮಾವನಿಗೆ ಹೇಳಿಕೊಟ್ಟಿದ್ದರು. ಚಾಕರಿ ಹೊಲದ ಆಚೆಯ ಬದುವಿನ ಗುಂಟ. ಅಂದರೆ ನಮ್ಮ ಹೊಲ ಅವರು ಮಾರುವ ನೆಲದ ಒಳಗೆ ಬರಬೇಕು.

ಜೊತೆಗೆ ಹೊಸ ಧೋತರ, ಒಂದು ತೆಂಗಿನಕಾಯಿ ಕಳಿಸಿದ್ದರು. ವಾಡೆಯಿಂದ ನಮಗೆ ಹೊಸ ಅರಿವೆ ಬಂದದ್ದು ಅದೇ ಮೊದಲು. ನಾನು ಅದನ್ನು ಮಡಿಕೆ ಬಿಚ್ಚಿ ಬಿಚ್ಚಿ ನೋಡಿದೆ. ಎಲ್ಲಿಯೂ ತೂತಿರಲಿಲ್ಲ. ಹೆದರಿಕೆ ಹೆಚ್ಚಾಯಿತು.

ಕೆಲಸದಿಂದ ಬಂದವಳೇ ಮಾವನ ಮುಂದೆ ಕೂತೆ. ಏಸಮ್ಮನ ತಾತನ ಕತೆ ಹೇಳಿದೆ.

'ಅದು ಅವರ ದೇಶ' ಅಂದ ಮಾವ. 'ಇಲ್ಲಿ ಹೆಂಟಿಗೆ ಬೆಲಿ ಐತಿ.'

'ಹೆಂಟಿಗೆ ಐತಿ. ನಿನಗ ಐತೇನು? ಹೆಂಟಿ ಹೊತ್ತು ಏನಂತಿ ನೀ? ಈ ಮಣ್ಣಾಗ ನನಗ ಪಾಲಿಲ್ಲ ಅಂತಿ. ಪಟವಾರಿ ಮುಂದ ಅಂತಿ. ನಮ್ಮ ಹೊಲದಾಗ ನಿಂತು ಅಂತಿ.'

'ಅದು ಕಟ್ಟಳಿ ಮಾತಬೇ. ಎಲ್ಲಾ ಕಡಿ ಅನ್ನೂದು.'

'ಆ ತಾತಂದೂ ಕಟ್ಟಳಿ ಮಾತ ಇತ್ತು.'

ಗಂಡ ಅಂಬಪ್ಪ ಮೂಲೆಯಲ್ಲಿ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದ. 'ಸುಮ್ನಿರ್ತಿಯಿಲ್ಲ' ಅಂದ. 'ಊರಾಗ ಇರೂದು ಬ್ಯಾಡೇನು ನಾವು?'

'ಊರಾಗ ಎಲ್ಲಿ ಅದೀವಿ?' ಅಂದೆ.

ಮಾವನಿಗೆ ಸಿಟ್ಟು ಬಂತು. ನನಗೆ ಅವನು ಯಾವತ್ತೂ ಬೈದವನಲ್ಲ. ಆವತ್ತು, 'ನಿಮ್ಮಪ್ಪನ ಹಿಂದ ಯಾವ ಗೌಡ ನಡದಾನ ಹೇಳು' ಅಂದ.

ನಾನೂ ಬಿಡಲಿಲ್ಲ. 'ನಿನ್ನ ಹಿಂದ ನಡದಾರ, ಹೌದು. ನಡದು ಬಂದು ಹೊಲ ಯಾರ್ ತಗೊಂಡ್ರು? ಭಾರ ನಿನ್ನ ತಲಿ ಮ್ಯಾಲ, ನೆಲ ಅವರ ಕಾಲ ಕೆಳಗ. ಒಂದ್ ಸಲನಾರ ಗೌಡ ಹೊತ್ತಾನೇನು ಹೆಂಟಿ? ಒಂದ್ ಸಲನಾರ ಪಾಲಿಲ್ಲ ಅಂದಾನೇನು?'

ಮಾವ ಎದ್ದು ಹೊರಗೆ ಹೋದ. ಧೋತರ ಅಲ್ಲೇ ಬಿದ್ದಿತ್ತು. ಮರುದಿನ ನೋಡಿದರೆ ಅದನ್ನು ಒಗೆದು ಹರಡಿದ್ದ. ಉಟ್ಟೇ ಉಡುತ್ತಾನೆ ಅಂತ ತಿಳಿಯಿತು. ನಾನು ಮಾತು ನಿಲ್ಲಿಸಿದೆ.

ಗಡಿ ನಡೆಯುವ ದಿನ ಊರೆಲ್ಲ ಬಂತು. ಪಟವಾರಿಗೆ ಕುರ್ಚಿ ಹಾಕಿದ್ದರು. ಬಸವಂತರಾಯ ಬಿಳಿ ಟೋಪಿ. ಕೋಟಯ್ಯ ಛತ್ರಿ ಹಿಡಿದು ನಿಂತಿದ್ದ, ಪಕ್ಕಕ್ಕೆ ಪೀರ್‌ಸಾಬ. ಕೇರಿಯವರು ದೂರ, ನಮ್ಮ ಗಾಳಿ ಅವರಿಗೆ ತಾಗದ ಕಡೆ. ಕ್ಯಾಂಪಿನ ಆಳುಗಳನ್ನೂ ಕರೆಸಿದ್ದರು, ಕಲ್ಲು ನೆಡಲು ಗುಂಡಿ ತೋಡಬೇಕಿತ್ತು. ಏಸಮ್ಮ ಗುದ್ದಲಿ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡಿದಳು. ನಾನು ನೋಡಲಿಲ್ಲ. ನನ್ನ ಮಾವ ಅವಳ ತಾತನಂಥವನೇ ಅಂತ ತೋರಿಸಿಕೊಳ್ಳಲು ನಾಚಿಕೆ.

ಮಾವ ಒದ್ದೆ ಧೋತರದಲ್ಲಿ ಬಂದ. ಪಕ್ಕೆಲುಬು ಎಣಿಸುವ ಹಾಗಿದ್ದವು. ಚಾಕರಿ ಹೊಲದಿಂದಲೇ ಒಂದು ಹೆಂಟೆ ಎಬ್ಬಿಸಿ ಅಂಬಪ್ಪ ಅವನ ತಲೆಯ ಮೇಲೆ ಇಟ್ಟ. ಕುತ್ತಿಗೆಯ ನರ ಎದ್ದವು. ಮಣ್ಣಿನ ಪುಡಿ ಹುಬ್ಬಿನ ಮೇಲೆ ಉದುರಿತು. ಮಾವ ಕಣ್ಣು ಪಿಳುಕಿಸಲಿಲ್ಲ.

'ಹೇಳಲೇ ತಾಯ್ಯಾ' ಅಂದ ಪಟವಾರಿ. 'ಎಲ್ಲಾರಿಗೂ ಕೇಳೂ ಹಂಗ ಹೇಳು.'

ಮಾವ ಒಮ್ಮೆ ಹೊಲದ ಕಡೆ ಕಣ್ಣು ಹೊರಳಿಸಿದ.

'ನಾಲಿಗಿ ಒಣಗೇತೇನು? ನೀರು ಹಾಕ್ರಿ ಅವಗ, ಮ್ಯಾಲಿಂದ' ಅಂದ ಬಸವಂತರಾಯ. ಕೆಲವರು ನಕ್ಕರು.

ಮಾವ ಬಾಯಿ ತೆರೆದ. 'ಗೌಡ್ರ, ಒಂದು ಮಾತು ಕೇಳಲೇನ್ರಿ? ಹೊಲ ಮಾರವ್ರು ಯಾರು?'

'ನಾ. ಯಾಕ?'

'ಪಾಲಿದ್ದಾವ ಹೆಂಟಿ ಹೊರಬಾರದು. ಈ ಕಟ್ಟಳಿ ಮಾಡಿದವ್ರು ಯಾರ್ರಿ? ನಿಮ್ಮ ಹಿರಿಯಾರು.'

'ಹೌದು. ಅದಕ್ಕ ನಿನ್ನ ಕರಸೀವಿ. ನಿನಗ ಯಾವ ಪಾಲೈತಲೇ?'

'ಹತ್ತೂರ ಗಡಿ ನಡದೀನ್ರಿ ನಾ. ಪಾಲಿಲ್ಲ ಅಂದೀನಿ. ಅದು ನಿಜ ಇತ್ತು, ಅಲ್ಲಿ ನನಗ ಪಾಲಿರಲಿಲ್ಲ. ಇಲ್ಲಿ ಐತಿ. ನಮ್ಮಜ್ಜಂದು ಐತಿ, ನಮ್ಮಪ್ಪಂದು ಐತಿ. ಅಂದಮ್ಯಾಲ ನಾ ಹೊರಬಾರದು.'

ಎರಡೂ ಕೈ ಎತ್ತಿ ಹೆಂಟೆ ಇಳಿಸಿದ. ಎದೆಗೆ ಹಿಡಿದುಕೊಂಡು ಬಸವಂತರಾಯನ ಹತ್ತಿರ ಹೋದ. ಅಷ್ಟು ಹತ್ತಿರ ನಮ್ಮವರು ಯಾರೂ ಹೋದದ್ದನ್ನು ನಾನು ನೋಡಿರಲಿಲ್ಲ.

'ನಿಮಗ ಇದರಾಗ ಪಾಲಿಲ್ಲಂದ್ರ ತಗೋರಿ, ನೀವ ಹೊರ್ರಿ. ಹೊತ್ತು ಪಾಲಿಲ್ಲ ಅನ್ರಿ. ನಿಮ್ಮ ಹಿಂದ ನಾ ನಡೀತೀನಿ.'

ಬಸವಂತರಾಯ ಒಂದು ಹೆಜ್ಜೆ ಹಿಂದೆ ಸರಿದ. ಮುಟ್ಟಿದರೆ ಮೈಲಿಗೆ. ಹೊತ್ತರೆ ಹೊಲ ಹೋಗುತ್ತದೆ. ಅವನ ಮುಖದಲ್ಲಿ ಎರಡೂ ಕಂಡವು.

ಮಾವ ತಿರುಗಿ ಕೋಟಯ್ಯನ ಮುಂದೆ ನಿಂತ. 'ನೀವು ಹೊರ್ತೀರೇನ್ರಿ ಸಾವಕಾರ್ರ?'

'ಏ ಪೀರ್ಯಾ, ಅದನ್ನ ಹೇಳಬ್ಯಾಡಲೇ ಅವರಿಗೆ' ಅಂತ ಪಟವಾರಿ ಕುರ್ಚಿಯಿಂದ ಎದ್ದ.

ಪೀರ್‌ಸಾಬ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. 'ಮಾತು ದಾಟಸೂದು ನನ್ನ ಕೆಲಸರಿ' ಅಂದ. ಅಂದು, ಒಂದೊಂದನ್ನೂ ದಾಟಿಸಿದ. ಹೊಲ ಯಾರದು ಅಂತ ಮೊದಲ ದಿನ ನೀವು ಕೇಳಿದ್ದಿರಿ, ಉತ್ತರ ಇವತ್ತು ಬಂದಿದೆ ಅಂತಲೂ ಸೇರಿಸಿದ. ಅದನ್ನು ಮಾವ ಹೇಳಿರಲಿಲ್ಲ.

ಕೋಟಯ್ಯ ಹೆಂಟೆಯನ್ನು ನೋಡಿದ. ಉಗುಳು ಹಚ್ಚಿ ಮೂಸಿದ ಮಣ್ಣು ಅದೇ. ಛತ್ರಿ ಮಡಚಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮಾವ ಹೆಂಟೆಯನ್ನು ಬದುವಿನ ಮೇಲೆ ಇಟ್ಟ. ಎಸೆಯಲಿಲ್ಲ. ಕೂಸನ್ನು ಮಲಗಿಸುವ ಹಾಗೆ ಇಟ್ಟ. ಇಟ್ಟು ಕೈ ಜಾಡಿಸುವುದರೊಳಗೆ ಬಾರುಕೋಲು ಬಿತ್ತು. ವಾಡೆಯ ಆಳುಗಳು ಅವನನ್ನು ಅವನದೇ ಹೊಲದಲ್ಲಿ ಕೆಡವಿ ಹೊಡೆದರು. ಅಂಬಪ್ಪ ಓಡಿ ಹೋಗಿ ಅಪ್ಪನ ಮೇಲೆ ಬಿದ್ದ. ಸುಮ್ಮನಿರು ಅಂದವನು ಅವನೇ. ನಾನೂ ಬಿದ್ದೆ. ನನ್ನ ಎಡಗೈಯ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ಯಾರೋ ನಡುವೆ ಗುದ್ದಲಿ ಅಡ್ಡ ಹಿಡಿದರು. ಕಣ್ಣೊರೆಸಿಕೊಂಡು ನೋಡಿದರೆ ಏಸಮ್ಮ. ಪರ ಊರಿನ ಹೆಣ್ಣಾಳು, ಧಣಿಯ ಎದುರೇ. ಗುದ್ದಲಿಯನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಅವಳನ್ನು ಮುಂದಿನ ವಾರ ಊರಿಗೆ ಕಳಿಸಿದರು. ಕೆಲಸ ಮುಗಿದಿತ್ತು ಅಂದರು. ನಾಟಿ ಇನ್ನೂ ಅರ್ಧ ಇತ್ತು.

ಊರು ನಮ್ಮನ್ನು ಹೊರಗಿಟ್ಟಿತು. ಹೊರಗಿದ್ದವರನ್ನು ಮತ್ತೆ ಹೊರಗಿಡುವುದು ಹೇಗೆ ಅಂದರೆ ಹೀಗೆ: ಅಂಗಡಿಯವನು ಉಪ್ಪು ಕೊಡಲಿಲ್ಲ. ಹಳ್ಳದ ಚಿಲುಮೆಯಲ್ಲಿ ಸತ್ತ ನಾಯಿ ಹಾಕಿದರು. ವಾಡೆಯ ಅಂಗಳಕ್ಕೆ ಬೇರೆಯವರನ್ನು ಕರೆದರು. ಬಾರಿಗೆ ಹಿಡಿಯದ ಮೊದಲ ಮುಂಜಾನೆ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬಾಗಿಲಲ್ಲಿ ನೆಟ್ಟಗೆ ನಿಂತುಕೊಂಡೆ.

ಕೋಟಯ್ಯ ಆ ಪಟ್ಟಿಯನ್ನು ಕೊಂಡ. ಚಾಕರಿ ಹೊಲ ಬಿಟ್ಟು ಕೊಂಡ. 'ತಕರಾರಿನ ನೆಲ ಬ್ಯಾಡ ಅಂದಾರ' ಅಂತ ಪೀರ್‌ಸಾಬ ಬಂದು ಹೇಳಿದ. ಕೊಳ್ಳುವವನಿಲ್ಲದ, ಊರ ಮುಂದೆ ತಕರಾರು ಎದ್ದ ನೆಲಕ್ಕೆ ವಾಡೆಯವರೂ ಮತ್ತೆ ಕೈ ಹಾಕಲಿಲ್ಲ. ಕೆಲಸಕ್ಕೆ ಬನ್ನಿ ಅಂತಲೂ ಕೋಟಯ್ಯ ಹೇಳಿ ಕಳಿಸಿದ್ದ. ಕೇರಿಯವರು ಒಳ್ಳೆಯವನು ಅಂದರು. ನಾನು ಅನ್ನಲಿಲ್ಲ. ಅವನಿಗೆ ಕೈ ಬೇಕಿತ್ತು, ನಮಗೆ ಹಿಟ್ಟು ಬೇಕಿತ್ತು. ಹೋದೆವು. ಮೊದಲ ದಿನ ಬಸವಂತರಾಯ 'ನಂದ' ಅಂದಾಗ ಅವನು ನಿಜವಾಗಿ ನಂಬಿದ್ದನೋ, ಇಲ್ಲ ಎಲ್ಲ ತಿಳಿದೇ ನಮ್ಮ ಬಾಯಿಂದ ಪಾಲಿಲ್ಲ ಅನ್ನಿಸಲು ಹೆಂಟೆ ಕೇಳಿದನೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಕೇಳಿದರೆ 'ಅಮ್ಮಾ' ಅಂತ ನಗುತ್ತಿದ್ದ.

ಆಮೇಲೆ ಅವನ ಗದ್ದೆಗೂ ನಮ್ಮ ಹೊಲಕ್ಕೂ ನಡುವೆ ಒಂದೇ ಬದು. ಪ್ರತಿ ಹಂಗಾಮಿಗೂ ಅವನ ಆಳುಗಳು ಬದುವನ್ನು ಕೆತ್ತಿ ಮೆತ್ತುತ್ತಿದ್ದರು. ಕೆತ್ತುವಾಗ ನಾನು ಹೋಗಿ ನಮ್ಮ ಕಡೆಯ ಅಂಚಿನಲ್ಲಿ ಕೂಡುತ್ತಿದ್ದೆ. ಬಿಸಿಲಿದ್ದರೂ ಕೂಡುತ್ತಿದ್ದೆ. 'ಯಾಕಮ್ಮಾ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು' ಅಂತ ಕೇಳುತ್ತಿದ್ದರು. 'ಕಾಲು ನೋವು, ಕುಂತೀನಿ' ಅನ್ನುತ್ತಿದ್ದೆ.

ಮಾವ ಆ ಹೊಡೆತದಿಂದ ಸಾಯಲಿಲ್ಲ. ಬಲಗೈ ಹೆಗಲಿಗಿಂತ ಮೇಲೆ ಏಳಲಿಲ್ಲ, ಅಷ್ಟೇ. ಇನ್ನು ಹೆಂಟೆ ಹೊರಲು ಬರುವಂತಿರಲಿಲ್ಲ, ಯಾರೂ ಕರೆಯಲೂ ಇಲ್ಲ. ಗಡಿ ತಂಟೆಗೆ ಸರಪಳಿ ಹಿಡಿದವರು ಬರುತ್ತಿದ್ದರು. ಬದುವಿನ ಮೇಲೆ ಅವನಿಟ್ಟ ಹೆಂಟೆಯನ್ನು ಯಾರೂ ಮುಟ್ಟಿರಲಿಲ್ಲ. ಮಳೆಗೆ ಕರಗಿ ಹೋಯಿತು. ಅವನು ಗೌಡರ ಕತೆ ಹೇಳುವುದನ್ನು ಬಿಟ್ಟ. ಹೊಲಕ್ಕೆ ಹೋಗಿ ಒಂದೇ ಕೈಯಲ್ಲಿ ಕಳೆ ಕೀಳುತ್ತಿದ್ದ.

ಐವತ್ತಾರರಲ್ಲಿ ಕನ್ನಡದವರೆಲ್ಲ ಒಂದಾದೆವು ಅಂತ ಸಿಂಧನೂರಿನಲ್ಲಿ ಬಾಜಾ ಬಾರಿಸಿದರು. ಅದೇ ಚಳಿಗಾಲದಲ್ಲಿ ಮಾವ ಹೋದ. ಹೋಗುವ ಮೊದಲು, 'ಹೊಲದಾಗ ಇಡ್ರಿ' ಅಂದಿದ್ದ. ಚಾಕರಿ ಹೊಲದಲ್ಲಿ ಹೆಣ ಇಡುವ ಪದ್ಧತಿ ಇರಲಿಲ್ಲ. ವಾಡೆಯಿಂದ ಇಬ್ಬರು ಬಂದು ಬೇಡ ಅಂದರು.

'ಯಾಕ?' ಅಂದ ಅಂಬಪ್ಪ. 'ಯಾರ್ ಹೊಲದಾಗ ಇಡಾಕತ್ತೀವಿ ನಾವು?' ಅಂದು ಗುಂಡಿ ತೋಡುತ್ತಲೇ ಇದ್ದ. ಅವರು ಬಂದ ದಾರಿ ಹಿಡಿದರು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಪೀರ್‌ಸಾಬ ಹಾಕಿದ. ನನ್ನ ಸರದಿ ಬಂದಾಗ ಹಿಡಿ ಮಣ್ಣು ಸಾಲದು ಅನ್ನಿಸಿತು. ಒಂದು ಹೆಂಟೆ ಎತ್ತಿಕೊಂಡೆ. ಎದೆಯ ಹತ್ತಿರ ಬಗ್ಗಿ ಇಟ್ಟೆ.

'ಈ ಮಣ್ಣಾಗ ನಿನಗ ಪಾಲೈತಿ ಮಾವ' ಅಂದೆ. 'ನಿನ್ನ ಮಕ್ಕಳಿಗೆ ಪಾಲೈತಿ.'

ತಲೆ ಎತ್ತಿದಾಗ ಕೋಟಯ್ಯ ಬಂದಿದ್ದ. ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಮುಖ ಸಣ್ಣದು ಮಾಡಿದ್ದ. ನಾನು ಅವನ ಮುಖವನ್ನು ಬಹಳ ಹೊತ್ತು ನೋಡಲಿಲ್ಲ. ಕಾಲು ನೋಡಿದೆ. ಬದುವಿನ ಆಚೆ ಇದ್ದವು. ಆದರೂ, ಮಣ್ಣು ಮುಚ್ಚಿ ಎಲ್ಲರೂ ಕೇರಿಯ ಕಡೆ ಹೊರಟ ಮೇಲೂ, ಅವನು ಟವೆಲ್ಲು ಹೆಗಲಿಗೆ ಹಾಕಿ ತನ್ನ ಗದ್ದೆ ದಾಟಿ ಹೋಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.